ಎಷ್ಟು ಹೊತ್ತು ತಿರುಗಿಸಿದಿರಿ? ಕೋನೀಯ ಆವೇಗದ ಬಗ್ಗೆ ಒಂದು ಮಾತು

(ಕಾರವಾರದಲ್ಲಿ ಪಿಯುಸಿ ಮತ್ತು ಡಿಗ್ರಿ ಓದುವವರು, ಒಂದಷ್ಟು ಮೇಷ್ಟ್ರುಗಳು, ಸುಮ್ನೆ ಕೇಳೋಣ ಅಂತ ಬಂದ ಊರಿನವರು ಇದ್ದ ಸಭೆಯಲ್ಲಿ ಆಡಿದ ಮಾತು ಇದು. ಬೋರ್ಡ್ ಮೇಲೆ ಬರೆದ ಲೆಕ್ಕಗಳನ್ನು ಇಲ್ಲಿ ವಾಕ್ಯದಲ್ಲೇ ಹೇಳಿದ್ದೇನೆ. ಹೊತ್ತಾಯಿತು ಅಂತ ಅಲ್ಲಿ ಬಿಟ್ಟ ಒಂದೆರಡು ವಿಷಯ ಸೇರಿಸಿದ್ದೇನೆ.)

ಪಾಠದಲ್ಲಿ ಕೋನೀಯ ಆವೇಗಕ್ಕೆ, ಅಂದರೆ ಆಂಗ್ಯುಲರ್ ಇಂಪಲ್ಸ್‌ಗೆ, ಸಿಗುವುದು ಹೆಚ್ಚೆಂದರೆ ಎರಡು ಸಾಲು. ಟಾರ್ಕನ್ನು, ಅಂದರೆ ತಿರುಚುವ ಬಲವನ್ನು, ಕಾಲದಿಂದ ಗುಣಿಸಿ ಅನ್ನುವುದು ಒಂದು. ಬಂದ ಉತ್ತರ ಕೋನೀಯ ಸಂವೇಗದಲ್ಲಿ, ಅಂದರೆ ವಸ್ತುವಿನಲ್ಲಿ ಇರುವ ಒಟ್ಟು ತಿರುಗುವಿಕೆಯಲ್ಲಿ, ಆದ ಬದಲಾವಣೆಗೆ ಸಮ ಅನ್ನುವುದು ಇನ್ನೊಂದು. ಆಮೇಲೆ ಒಂದು ಲೆಕ್ಕ, ಮುಂದಿನ ಪಾಠ. ಹೆಸರೆಲ್ಲ ಟಾರ್ಕ್‌ಗೆ ಹೋಗುತ್ತದೆ. ಬೈಕ್ ಕೊಳ್ಳುವವರೂ ಟಾರ್ಕ್ ಎಷ್ಟು ಅಂತ ಕೇಳುತ್ತಾರೆ. ಎಷ್ಟು ಹೊತ್ತು ಅಂತ ಯಾರೂ ಕೇಳುವುದಿಲ್ಲ. ಇವತ್ತು ನಾನು ಮಾತಾಡಬೇಕು ಅಂದುಕೊಂಡಿದ್ದು ಈ ‘ಎಷ್ಟು ಹೊತ್ತು’ ಬಗ್ಗೆ ಮಾತ್ರ, ಯಾಕೆಂದರೆ ತಿರುಗುವ ವಸ್ತುಗಳ ವಿಷಯದಲ್ಲಿ ನಾವು ತಪ್ಪು ಅಂದಾಜು ಮಾಡುವುದು ಜಾಸ್ತಿ ಅಲ್ಲೇ.

ಈ ಸೈಕಲ್ ಚಕ್ರ ನೋಡಿ. ರಿಮ್ಮು, ಟೈರು, ಟ್ಯೂಬು ಎಲ್ಲ ಸೇರಿ ಒಂದು ಕಿಲೋ ಅಂತ ಇಟ್ಟುಕೊಳ್ಳೋಣ. ನಡುವಿನಿಂದ ಅಂಚಿಗೆ 30 ಸೆಂಟಿಮೀಟರ್. ತೂಕವೆಲ್ಲ ಅಂಚಿನಲ್ಲೇ ಇದೆ ಅಂದುಕೊಂಡರೆ ಇದರ ಜಡತ್ವ ಭ್ರಾಮಕ, ಅಂದರೆ ತಿರುಗಿಸಲು ಇದು ಎಷ್ಟು ಮೊಂಡು ಅನ್ನುವ ಅಳತೆ, 0.09 ಕಿಲೋಗ್ರಾಂ ಮೀಟರ್ ವರ್ಗ. ಅಂಗೈಯಿಂದ ಅಂಚನ್ನು ಹೀಗೆ ತಳ್ಳುತ್ತೇನೆ. ಬಲ ಸುಮಾರು 10 ನ್ಯೂಟನ್, ಕೈ ತಾಗಿದ್ದು 0.3 ಸೆಕೆಂಡ್. ಬಲವನ್ನು ದೂರದಿಂದ ಗುಣಿಸಿದರೆ ಟಾರ್ಕ್ 3 ನ್ಯೂಟನ್ ಮೀಟರ್. ಅದನ್ನು 0.3 ಸೆಕೆಂಡಿನಿಂದ ಗುಣಿಸಿದರೆ 0.9. ಇದೇ ಕೋನೀಯ ಆವೇಗ, ಯೂನಿಟ್ಟು ನ್ಯೂಟನ್ ಮೀಟರ್ ಸೆಕೆಂಡ್. ಚಕ್ರ ನಿಂತಿತ್ತು, ಈಗ ಅದರ ಕೋನೀಯ ಸಂವೇಗ 0.9 ಆಯಿತು. 0.09ರಿಂದ ಭಾಗಿಸಿದರೆ ಸೆಕೆಂಡಿಗೆ 10 ರೇಡಿಯನ್, ಅಂದರೆ ಸೆಕೆಂಡಿಗೆ ಒಂದೂವರೆ ಸುತ್ತಿಗಿಂತ ಸ್ವಲ್ಪ ಜಾಸ್ತಿ.

ಈಗ ನಿಲ್ಲಿಸೋಣ. ಒಂದು ಬೆರಳನ್ನು ಟೈರಿಗೆ ಮೆತ್ತಗೆ ತಾಗಿಸುತ್ತೇನೆ. ಘರ್ಷಣೆಯ ಬಲ ಒಂದೇ ನ್ಯೂಟನ್ ಇರಲಿ. ಟಾರ್ಕ್ 0.3. ಮೂರು ಸೆಕೆಂಡ್ ಹಾಗೇ ಹಿಡಿದರೆ 0.9 ಆಯಿತು, ಚಕ್ರ ನಿಂತಿತು. ತಳ್ಳಿದ ಬಲದ ಹತ್ತನೇ ಒಂದು ಭಾಗದಲ್ಲಿ ನಿಲ್ಲಿಸಿದ್ದೇವೆ, ಹತ್ತು ಪಟ್ಟು ಹೊತ್ತು ತೆಗೆದುಕೊಂಡಿದ್ದೇವೆ. ಚಕ್ರಕ್ಕೆ ಎರಡೂ ಒಂದೇ. ಬಲ ಒಂದೇ ಸಮ ಇರಬೇಕು ಅಂತಲೂ ಇಲ್ಲ. ಹೆಚ್ಚು ಕಡಿಮೆ ಆಗುತ್ತಿದ್ದರೆ ಟಾರ್ಕ್ ಮತ್ತು ಕಾಲದ ಗ್ರಾಫ್ ಬರೆದು ಅದರ ಕೆಳಗಿನ ಜಾಗ ಅಳೆಯಿರಿ, ಅದೇ ಉತ್ತರ. ಸುತ್ತಿಗೆ ಏಟಿನಂಥ ಕಡೆ ಗ್ರಾಫ್ ಎತ್ತರವಾಗಿ ಸೂಜಿಯ ಹಾಗೆ ಇರುತ್ತದೆ, ಬೆರಳು ತಾಗಿಸಿದಾಗ ತಗ್ಗಾಗಿ ಉದ್ದಕ್ಕೆ ಹೋಗುತ್ತದೆ. ಜಾಗ ಒಂದೇ ಆದರೆ ಫಲವೂ ಒಂದೇ.

ಸಂವೇಗ ಮತ್ತು ಆವೇಗದ ಯೂನಿಟ್ಟು ಒಂದೇ ಆದ್ದರಿಂದ ಹುಡುಗರು ಎರಡನ್ನೂ ಕಲಸಿಬಿಡುತ್ತಾರೆ. ಸೊಸೈಟಿಯ ಪಾಸ್‌ಬುಕ್ ನೆನೆಸಿಕೊಳ್ಳಿ. ಬಾಕಿ ಎಷ್ಟಿದೆ ಅನ್ನುವುದು ಸಂವೇಗ, ಈ ಸಲ ಕಟ್ಟಿದ್ದು ಅಥವಾ ತೆಗೆದದ್ದು ಆವೇಗ. ಎರಡೂ ರೂಪಾಯಿಯಲ್ಲೇ ಇರುತ್ತವೆ, ಆದರೆ ಕಾಲಂ ಬೇರೆ. ಅಂದ ಹಾಗೆ ಇದೇ ಯೂನಿಟ್ಟನ್ನು ಜೂಲ್ ಸೆಕೆಂಡ್ ಅಂತಲೂ ಬರೆಯಬಹುದು, ಪ್ಲಾಂಕ್ ಸ್ಥಿರಾಂಕದ ಯೂನಿಟ್ಟು ಕೂಡ ಅದೇ. ಅದು ಕಾಕತಾಳೀಯ ಅಲ್ಲ, ಆದರೆ ಅದಕ್ಕೆ ಇನ್ನೊಂದು ದಿನವೇ ಬೇಕು.

ಈಗ ಬಾಗಿಲು. ಇದು ನನಗೆ ಬಹಳ ಇಷ್ಟವಾದ ಲೆಕ್ಕ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ.

ಜೂನ್ ತಿಂಗಳಲ್ಲಿ ಇಲ್ಲಿ ಸಮುದ್ರದ ಕಡೆಯ ಬಾಗಿಲು ತೆರೆದಿಟ್ಟರೆ ಏನಾಗುತ್ತದೆ ಅಂತ ನಿಮಗೆ ಗೊತ್ತು. ಗಾಳಿ ಬಂದು ಬಾಗಿಲನ್ನು ಗೋಡೆಗೆ ಅಪ್ಪಳಿಸುತ್ತದೆ. ಅದಕ್ಕೆ ನೆಲದಲ್ಲೋ ಗೋಡೆಯಲ್ಲೋ ಒಂದು ತಡೆ ಹಾಕಿಸುತ್ತೇವೆ. ಎಲ್ಲಿ ಹಾಕಿಸುತ್ತೇವೆ? ಬಡಗಿಗೆ ಎಲ್ಲಿ ಅನುಕೂಲವೋ ಅಲ್ಲಿ. ಕೆಲವು ಮನೆಗಳಲ್ಲಿ ಕಾಲಿಗೆ ಎಡವಬಾರದು ಅಂತ ಬಿಜಾಗರಿಯ ಹತ್ತಿರವೇ, ಮೂಲೆಯಲ್ಲಿ ಹಾಕಿರುತ್ತಾರೆ. ಅದು ಎಂಥ ಕೆಟ್ಟ ಜಾಗ ಅಂತ ಲೆಕ್ಕ ಹಾಕಿ ನೋಡೋಣ.

ಬಾಗಿಲಿನ ತೂಕ 20 ಕಿಲೋ, ಅಗಲ 90 ಸೆಂಟಿಮೀಟರ್. ಮರ ಎಲ್ಲ ಕಡೆ ಒಂದೇ ಸಮ ಅಂದುಕೊಂಡರೆ ಬಿಜಾಗರಿಯ ಸುತ್ತ ಅದರ ಜಡತ್ವ ಭ್ರಾಮಕ 5.4. ಗಾಳಿಗೆ ಅದು ಸೆಕೆಂಡಿಗೆ 2 ರೇಡಿಯನ್ ವೇಗದಲ್ಲಿ ಬರುತ್ತಿದೆ ಅನ್ನಿ. ಕೋನೀಯ ಸಂವೇಗ 10.8. ತಡೆಗೆ ಬಡಿದು ಪುಟಿಯದೆ ಅಲ್ಲೇ ನಿಲ್ಲಬೇಕಾದರೆ ತಡೆ 10.8ರಷ್ಟು ಕೋನೀಯ ಆವೇಗವನ್ನು ಎದುರು ದಿಕ್ಕಿನಲ್ಲಿ ಕೊಡಲೇಬೇಕು. ಇದರಲ್ಲಿ ಚೌಕಾಸಿ ಇಲ್ಲ. ಇಷ್ಟೆಲ್ಲ ಲೆಕ್ಕವನ್ನು ಬಿಜಾಗರಿಯ ಸುತ್ತಲೇ ಹಾಕಿದ್ದೇಕೆ ಅಂದರೆ, ಬಿಜಾಗರಿ ಎಷ್ಟೇ ಬಲ ಹಾಕಿದರೂ ಅದಕ್ಕೆ ಅಲ್ಲಿ ತೋಳಿನ ಉದ್ದ, ಅಂದರೆ ಬಿಂದುವಿನಿಂದ ಬಲಕ್ಕೆ ಇರುವ ದೂರ, ಸೊನ್ನೆ. ಗೊತ್ತಿಲ್ಲದ ಬಲ ಲೆಕ್ಕದಿಂದ ತಾನಾಗಿ ಹೊರಗೆ ಹೋಗುತ್ತದೆ. ಕೋನೀಯ ಆವೇಗವನ್ನು ಯಾವ ಬಿಂದುವಿನ ಸುತ್ತ ಅಂತ ಹೇಳದೆ ಹೇಳಲು ಬರುವುದಿಲ್ಲ. ಬಿಂದುವನ್ನು ಆರಿಸುವ ಸ್ವಾತಂತ್ರ್ಯ ನಮ್ಮದು, ಅದನ್ನು ಜಾಣತನದಿಂದ ಬಳಸಿದರೆ ಅರ್ಧ ಲೆಕ್ಕ ಮುಗಿದ ಹಾಗೆ.

ತಡೆಯನ್ನು ಬಾಗಿಲ ಹೊರ ಅಂಚಿನಲ್ಲಿ, 90 ಸೆಂಟಿಮೀಟರ್ ದೂರದಲ್ಲಿ ಇಟ್ಟರೆ ಅದು ಕೊಡಬೇಕಾದ ನೇರ ಆವೇಗ 10.8 ಭಾಗಿಸು 0.9, ಅಂದರೆ 12 ನ್ಯೂಟನ್ ಸೆಕೆಂಡ್. ಆದರೆ ಬಾಗಿಲಿಗೆ ನೇರ ಸಂವೇಗವೂ ಇದೆಯಲ್ಲ. ಅದರ ನಡುಭಾಗ ಬಿಜಾಗರಿಯಿಂದ 45 ಸೆಂಟಿಮೀಟರ್, ಆ ಬಿಂದುವಿನ ವೇಗ ಸೆಕೆಂಡಿಗೆ 0.9 ಮೀಟರ್, 20 ಕಿಲೋದಿಂದ ಗುಣಿಸಿದರೆ 18. ತಡೆ 12 ತೆಗೆದುಕೊಂಡಿತು, ಉಳಿದ 6 ಯಾರು ತೆಗೆದುಕೊಳ್ಳಬೇಕು? ಬಿಜಾಗರಿ. ಪ್ರತಿ ಸಲ ಬಾಗಿಲು ಬಡಿದಾಗಲೂ ಅದಕ್ಕೊಂದು ಏಟು.

ತಡೆಯನ್ನು ಮೂಲೆಯಲ್ಲಿ, ಬಿಜಾಗರಿಯಿಂದ 10 ಸೆಂಟಿಮೀಟರ್ ದೂರದಲ್ಲಿ ಇಟ್ಟರೆ? 10.8 ಭಾಗಿಸು 0.1, ಅಂದರೆ 108. ಬಾಗಿಲಿನ ನೇರ ಸಂವೇಗ ಇರುವುದೇ 18. ಹಾಗಾದರೆ ಜಾಸ್ತಿಯಾದ 90ನ್ನು ಬಿಜಾಗರಿ ಎದುರು ದಿಕ್ಕಿನಲ್ಲಿ ಕೊಡಬೇಕು. ಅಂದರೆ ಬಾಗಿಲು ಬಿಜಾಗರಿಯನ್ನು ಚೌಕಟ್ಟಿನಿಂದ ಕಿತ್ತು ತೆಗೆಯುವ ಹಾಗೆ ಎಳೆಯುತ್ತದೆ. ಎರಡು ಮಳೆಗಾಲಕ್ಕೆ ಸ್ಕ್ರೂ ಸಡಿಲವಾದರೆ ಮರ ಸರಿ ಇಲ್ಲ, ಉಪ್ಪು ಗಾಳಿ, ಅಂತೆಲ್ಲ ಬೈಯುತ್ತೇವೆ. ಉಪ್ಪು ಗಾಳಿಯ ಪಾಲೂ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ತಡೆಯ ಜಾಗವನ್ನು ಮೊದಲು ನೋಡಬೇಕು.

ಇನ್ನು 60 ಸೆಂಟಿಮೀಟರ್‌ನಲ್ಲಿ ಇಟ್ಟು ನೋಡಿ. 10.8 ಭಾಗಿಸು 0.6, ಸರಿಯಾಗಿ 18. ಬಾಗಿಲಿನ ಸಂವೇಗವೂ 18. ಬಿಜಾಗರಿಗೆ ಏನೂ ಉಳಿಯಲಿಲ್ಲ, ಅದಕ್ಕೆ ಏಟು ಸೊನ್ನೆ. ಅಗಲದ ಮೂರನೇ ಎರಡು ಭಾಗ ಅನ್ನುವುದು ಒಂದೇ ಸಮ ಇರುವ ಯಾವ ಬಾಗಿಲಿಗೂ ಸರಿಹೋಗುತ್ತದೆ, ತೂಕ ಎಷ್ಟೇ ಇರಲಿ, ವೇಗ ಎಷ್ಟೇ ಇರಲಿ. ಇಂಥ ಬಿಂದುವಿಗೆ ಸೆಂಟರ್ ಆಫ್ ಪರ್ಕಶನ್ ಅನ್ನುತ್ತಾರೆ. ಟ್ಯಾಗೋರ್ ಬೀಚಿನಲ್ಲಿ ಕ್ರಿಕೆಟ್ ಆಡುವಾಗ ಚೆಂಡು ಬ್ಯಾಟಿನ ಒಂದು ಜಾಗಕ್ಕೆ ತಾಗಿದರೆ ಕೈ ಜುಮ್ ಅನ್ನುವುದಿಲ್ಲ, ಸ್ವಲ್ಪ ಮೇಲೆ ಕೆಳಗೆ ತಾಗಿದರೆ ಅನ್ನುತ್ತದೆ ಅಲ್ವಾ, ಅಲ್ಲೂ ಈ ಲೆಕ್ಕ ಇದೆ. ಆದರೆ ಬ್ಯಾಟು ಒಂದೇ ಸಮ ಇರುವುದಿಲ್ಲ, ಅದರ ಮರ ನಡುಗುವುದೂ ಸೇರಿಕೊಳ್ಳುತ್ತದೆ, ಹಾಗಾಗಿ ಅಲ್ಲಿ ಇಷ್ಟು ಶುದ್ಧವಾದ ಉತ್ತರ ಬರುವುದಿಲ್ಲ.

ಮುಂದೆ ಹೋಗುವ ಮೊದಲು ಒಂದು ಗೊಂದಲ ತೆಗೆಯಬೇಕು. ಶಕ್ತಿ ಕೊಡುವುದು ಬೇರೆ, ಕೋನೀಯ ಆವೇಗ ಕೊಡುವುದು ಬೇರೆ. ಬುಗುರಿಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಒಂದೇ ಚಾಟಿ, ಒಂದೇ ಬಲದ ಎಳೆತ, ಬುಗುರಿ ಎರಡು. ದಾರ ಸುತ್ತುವ ಜಾಗದ ದಪ್ಪ ಎರಡಕ್ಕೂ ಒಂದೇ. ಆದರೆ ಎರಡನೆಯದರ ಜಡತ್ವ ಭ್ರಾಮಕ ಮೊದಲನೆಯದರ ನಾಲ್ಕು ಪಟ್ಟು. ದಾರ ಪೂರ್ತಿ ಬಿಚ್ಚುವವರೆಗೆ ಎಳೆದರೆ ಎರಡಕ್ಕೂ ಸಿಗುವ ಶಕ್ತಿ ಒಂದೇ, ಯಾಕೆಂದರೆ ಶಕ್ತಿ ಅಂದರೆ ಬಲ ಗುಣಿಸು ದಾರದ ಉದ್ದ. ಆದರೆ ದೊಡ್ಡ ಬುಗುರಿ ನಿಧಾನಕ್ಕೆ ಏಳುತ್ತದೆ, ಅದೇ ದಾರ ಬಿಚ್ಚಲು ಅದಕ್ಕೆ ಎರಡು ಪಟ್ಟು ಹೊತ್ತು ಬೇಕು. ಹಾಗಾಗಿ ಅದಕ್ಕೆ ಸಿಕ್ಕ ಕೋನೀಯ ಆವೇಗ ಎರಡು ಪಟ್ಟು. ವೇಗ ಮಾತ್ರ ಅರ್ಧ. ಶಕ್ತಿ ದಾರದ ಉದ್ದವನ್ನು ಲೆಕ್ಕ ಇಡುತ್ತದೆ, ಆವೇಗ ಗಡಿಯಾರವನ್ನು. ಸಭೆಯಲ್ಲಿ ಇದನ್ನು ಹೇಳಿದಾಗ ಹಿಂದಿನ ಬೆಂಚಿನಿಂದ ‘ಹಾಗಾದರೆ ಯಾವ ಬುಗುರಿ ಹೆಚ್ಚು ಹೊತ್ತು ಆಡುತ್ತದೆ’ ಅಂತ ಕೇಳಿದರು. ನಿಲ್ಲಿಸುವ ಟಾರ್ಕ್ ಎರಡಕ್ಕೂ ಒಂದೇ ಆಗಿದ್ದರೆ ದೊಡ್ಡದು ಎರಡು ಪಟ್ಟು ಹೊತ್ತು. ನಿಜದಲ್ಲಿ ದೊಡ್ಡದರ ತೂಕ ಜಾಸ್ತಿ, ಮೊಳೆಯ ತುದಿಯ ಘರ್ಷಣೆಯೂ ಜಾಸ್ತಿ, ಹಾಗಾಗಿ ಅಷ್ಟು ಸಿಗದಿರಬಹುದು. ಅದೇ ತೂಕವನ್ನು ಅಂಚಿಗೆ ಸರಿಸಿದ ಬುಗುರಿಯಾದರೆ ಲಾಭ ಪೂರ್ತಿ.

ಯಕ್ಷಗಾನ ಬಿಟ್ಟು ಈ ಜಿಲ್ಲೆಯಲ್ಲಿ ಮಾತು ಮುಗಿಸಲು ಆಗುವುದಿಲ್ಲ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕುಣಿತ ನೋಡಿದವರು ಇಲ್ಲಿ ಬಹಳ ಜನ ಇದ್ದೀರಿ. ಕಲಾವಿದ ಗಿರಕಿ ಹೊಡೆಯುವಾಗ ಆ ತಿರುಗು ಎಲ್ಲಿಂದ ಬರುತ್ತದೆ? ಕಲಾವಿದನ ತೋಳಿನಿಂದಲೂ ಅಲ್ಲ, ಸೊಂಟದಿಂದಲೂ ಅಲ್ಲ. ದೇಹದ ಒಂದು ಭಾಗ ಇನ್ನೊಂದನ್ನು ತಿರುಚಿದರೆ ಎರಡನೆಯದು ಮೊದಲನೆಯದನ್ನು ಅಷ್ಟೇ ಎದುರಿಗೆ ತಿರುಚುತ್ತದೆ, ಮೊತ್ತ ಸೊನ್ನೆ. ಹೊರಗಿನಿಂದ ಬರಬೇಕು, ಹೊರಗೆ ಇರುವುದು ರಂಗಸ್ಥಳದ ನೆಲ ಒಂದೇ. ಎರಡು ಪಾದಗಳು ನೆಲವನ್ನು ಎದುರುಬದುರು ದಿಕ್ಕಿಗೆ ಒತ್ತುತ್ತವೆ, ನೆಲ ಘರ್ಷಣೆಯಿಂದ ವಾಪಸ್ ಒತ್ತುತ್ತದೆ, ಆ ಒಂದು ಕ್ಷಣದಲ್ಲಿ ಸಿಕ್ಕಿದ್ದೇ ಬಂಡವಾಳ. ಹಾರಿ ತಿರುಗುವಾಗಲಂತೂ ಕಾಲು ನೆಲ ಬಿಟ್ಟ ಮೇಲೆ ಗುರುತ್ವದಿಂದಲೂ ಏನೂ ಸಿಗುವುದಿಲ್ಲ, ಅದು ದೇಹದ ದ್ರವ್ಯರಾಶಿಯ ನಡುವಿನಲ್ಲೇ ಎಳೆಯುತ್ತದೆ. ಕೈ ಹತ್ತಿರ ತಂದರೆ ವೇಗ ಏರುತ್ತದೆ, ಚಾಚಿದರೆ ಇಳಿಯುತ್ತದೆ, ಆದರೆ ಕೋನೀಯ ಸಂವೇಗ ಅಷ್ಟೇ. ಮಂಡಿ ಕುಣಿತದಲ್ಲಿ ಪ್ರತಿ ಸುತ್ತಿಗೂ ನೆಲದಿಂದ ಹೊಸದಾಗಿ ಪಡೆಯುತ್ತಿರುತ್ತಾರೆ, ಘರ್ಷಣೆ ಕಳೆದದ್ದನ್ನು ಮತ್ತೆ ತುಂಬುತ್ತಿರುತ್ತಾರೆ. ನುಣ್ಣಗೆ ಪಾಲಿಶ್ ಮಾಡಿದ ಹಾಲಿನ ನೆಲದಲ್ಲಿ ಅಷ್ಟು ಟಾರ್ಕ್ ಹುಟ್ಟುವುದಿಲ್ಲ.

ಇಲ್ಲಿಯವರೆಗೆ ದಿಕ್ಕಿನ ಬಗ್ಗೆ ಹೇಳಲಿಲ್ಲ. ಕೋನೀಯ ಆವೇಗಕ್ಕೆ ದಿಕ್ಕೂ ಇದೆ, ತಿರುಗುವ ಅಕ್ಷದ ಉದ್ದಕ್ಕೆ ಅದನ್ನು ಬಾಣದ ಹಾಗೆ ಬರೆಯುತ್ತೇವೆ. ಈ ಚಕ್ರದ ಆಕ್ಸಲಿನ ಒಂದು ತುದಿಗೆ ಹಗ್ಗ ಕಟ್ಟಿದ್ದೇನೆ. ಸುಮ್ನೆ ಬಿಟ್ಟರೆ ವಾಲಿ ಬೀಳುತ್ತದೆ. ಜೋರಾಗಿ, ಸೆಕೆಂಡಿಗೆ ಸುಮಾರು ಐದು ಸುತ್ತಿನ ಹಾಗೆ ತಿರುಗಿಸಿ ಬಿಟ್ಟೆ. ಬೀಳಲಿಲ್ಲ, ಹಗ್ಗದ ಸುತ್ತ ನಿಧಾನವಾಗಿ ಪ್ರದಕ್ಷಿಣೆ ಹಾಕುತ್ತಿದೆ. ಭೂಮಿ ಎಳೆಯುವುದನ್ನು ಬಿಟ್ಟಿಲ್ಲ, ಹಗ್ಗದಿಂದ ಚಕ್ರಕ್ಕೆ 10 ಸೆಂಟಿಮೀಟರ್ ಆದರೆ ಟಾರ್ಕ್ ಸುಮಾರು 1 ನ್ಯೂಟನ್ ಮೀಟರ್. ಪ್ರತಿ ಸೆಕೆಂಡಿಗೂ 1 ಯೂನಿಟ್ಟು ಕೋನೀಯ ಆವೇಗ ಬರುತ್ತಲೇ ಇದೆ. ಆದರೆ ಅದು ಚಕ್ರದಲ್ಲಿರುವ 2.7 ಯೂನಿಟ್ಟಿನ ಬಾಣಕ್ಕೆ ಅಡ್ಡವಾಗಿ ಬರುತ್ತಿದೆ. ಅಡ್ಡ ಬಂದದ್ದು ಬಾಣದ ಉದ್ದ ಬೆಳೆಸುವುದಿಲ್ಲ, ಅದನ್ನು ಪಕ್ಕಕ್ಕೆ ತಿರುಗಿಸುತ್ತದೆ. ಒಂದು ಪ್ರದಕ್ಷಿಣೆಗೆ 17 ಸೆಕೆಂಡ್ ಅಂತ ಲೆಕ್ಕ ಬರುತ್ತದೆ. ಮೊಬೈಲಿನಲ್ಲಿ ಅಳೆದು ನೋಡಿ, ಹೆಚ್ಚು ಕಡಿಮೆ ಅಷ್ಟೇ ಬರಬೇಕು.

ಈಗ ಕೈಗಾದ ಅಣು ವಿದ್ಯುತ್ ಕೇಂದ್ರಕ್ಕೆ ಹೋಗೋಣ. ಅಲ್ಲಿ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ಟರ್ಬೈನ್ ತಿರುಗುವುದು ನಿಮಿಷಕ್ಕೆ 3000 ಸುತ್ತು, ನಮ್ಮ ಕರೆಂಟಿನ 50 ಹರ್ಟ್ಸ್ ಬರುವುದೇ ಅದರಿಂದ. 220 ಮೆಗಾವಾಟನ್ನು ಆ ವೇಗದಿಂದ ಭಾಗಿಸಿದರೆ ಟಾರ್ಕ್ ಸುಮಾರು 7 ಲಕ್ಷ ನ್ಯೂಟನ್ ಮೀಟರ್. ಮೊದಲನೇ ಘಟಕ 2018ರ ಡಿಸೆಂಬರ್ 31ಕ್ಕೆ ನಿಲ್ಲಿಸುವ ಮೊದಲು ಸತತ 962 ದಿನ ಓಡಿತ್ತು, ಆಗ ಅದು ವಿಶ್ವದಾಖಲೆ. ಈಗ ಹೇಳಿ, 7 ಲಕ್ಷದ ಟಾರ್ಕ್, 962 ದಿನ. ಹಬೆ ಆ ರೋಟರಿಗೆ, ಅಂದರೆ ಯಂತ್ರದ ತಿರುಗುವ ಭಾಗಕ್ಕೆ, ಕೊಟ್ಟ ಕೋನೀಯ ಆವೇಗ ಊಹೆಗೂ ಸಿಗದಷ್ಟು ದೊಡ್ಡದು. ರೋಟರಿನ ವೇಗ ಎಷ್ಟು ಏರಿತು? ಸೊನ್ನೆ. ಮೊದಲ ದಿನವೂ 3000, ಕೊನೆಯ ದಿನವೂ 3000ದ ಆಸುಪಾಸು.

ಯಾಕೆಂದರೆ ಜನರೇಟರ್ ಅಷ್ಟೇ ಟಾರ್ಕಿನಲ್ಲಿ ಅಷ್ಟೇ ಹೊತ್ತು ಹಿಂದಕ್ಕೆ ತಿರುಚುತ್ತಿತ್ತು. ನಾವು ಮನೆಯಲ್ಲಿ ಸ್ವಿಚ್ ಹಾಕಿದಾಗ ಆ ಹಿಂದಿನ ತಿರುಚು ಒಂಚೂರು ಜಾಸ್ತಿಯಾಗುತ್ತದೆ. ಎರಡನ್ನೂ ಕೂಡಿ ಕಳೆದು ಉಳಿದದ್ದು ಮಾತ್ರ ವೇಗ ಬದಲಿಸುತ್ತದೆ. ಜನರೇಟರ್ ಇದ್ದಕ್ಕಿದ್ದಂತೆ ಲೈನಿನಿಂದ ಕಳಚಿಕೊಂಡರೆ ಹಬೆಯ ಟಾರ್ಕ್ ಒಂದೇ ಉಳಿಯುತ್ತದೆ, ಕೆಲವೇ ಸೆಕೆಂಡಿನಲ್ಲಿ ವೇಗ ಅಪಾಯದ ಮಟ್ಟ ಮುಟ್ಟುತ್ತದೆ. ಅದಕ್ಕೇ ಹಬೆಯ ಕವಾಟಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಮುಚ್ಚಬೇಕು. ದಕ್ಷಿಣದ ಗ್ರಿಡ್, ಅಂದರೆ ವಿದ್ಯುತ್ ಜಾಲ, ಉಳಿದ ದೇಶದ ಗ್ರಿಡ್ ಜೊತೆ ಸೇರಿದ್ದು 2013ರ ಡಿಸೆಂಬರ್ 31ರಂದು, ರಾಯಚೂರು ಸೋಲಾಪುರ ಲೈನಿನ ಮೂಲಕ. ಅಲ್ಲಿಂದ ಕೈಗಾದ ರೋಟರು, ಕಾಳಿ ನದಿಯ ನಾಗಝರಿಯ ರೋಟರು, ಪಂಜಾಬಿನ ರೋಟರು ಎಲ್ಲ ಒಂದೇ ತಾಳಕ್ಕೆ ತಿರುಗುತ್ತವೆ. ಎಲ್ಲೋ ಒಂದು ದೊಡ್ಡ ಘಟಕ ನಿಂತರೆ ಉಳಿದ ಎಲ್ಲ ರೋಟರುಗಳೂ ತಮ್ಮ ಕೋನೀಯ ಸಂವೇಗದಲ್ಲಿ ಒಂದಿಷ್ಟು ಬಿಟ್ಟುಕೊಟ್ಟು ಒಂದಿಷ್ಟು ನಿಧಾನವಾಗುತ್ತವೆ, 50 ಹರ್ಟ್ಸ್ ತುಸು ಕುಸಿಯುತ್ತದೆ. ಬೇರೆ ಕಡೆ ನೀರೋ ಹಬೆಯೋ ಹೆಚ್ಚುವವರೆಗೆ ದೇಶ ನಡೆಯುವುದು ಆ ಸಾಲದ ಮೇಲೆ.

ಇದೇ ಕೇಂದ್ರದ ಒಳಗೆ ಇನ್ನೊಂದು ಉದಾಹರಣೆ ಇದೆ. ರಿಯಾಕ್ಟರಿನ ಶಾಖ ಹೊತ್ತೊಯ್ಯುವ ಭಾರಜಲವನ್ನು ತಳ್ಳುವ ದೊಡ್ಡ ಪಂಪುಗಳಿಗೆ ಫ್ಲೈವೀಲ್ ಹಾಕಿರುತ್ತಾರೆ. ಭಾರವಾದ ಗಾಲಿ, ಅಷ್ಟೇ. ಪಂಪಿನ ಕರೆಂಟು ಹೋದರೆ ನೀರಿನ ಎದುರು ಟಾರ್ಕ್ ಅದನ್ನು ನಿಲ್ಲಿಸಲು ನೋಡುತ್ತದೆ. ಗಾಲಿಯಲ್ಲಿ ಕೋನೀಯ ಸಂವೇಗ ಜಾಸ್ತಿ ಇದ್ದಷ್ಟೂ ಅದನ್ನು ಕಳೆಯಲು ಹೊತ್ತು ಜಾಸ್ತಿ ಬೇಕು. ರಿಯಾಕ್ಟರ್ ಆಗಲೇ ಬಂದ್ ಆಗಿರುತ್ತದೆ, ಆದರೆ ಇಂಧನದ ಬಿಸಿ ತಕ್ಷಣ ಇಳಿಯುವುದಿಲ್ಲ, ಆ ಹೊತ್ತಿನಲ್ಲಿ ನೀರು ಒಮ್ಮೆಲೇ ನಿಲ್ಲದೆ ಮೆಲ್ಲಗೆ ಇಳಿಯುತ್ತಾ ಹರಿಯುತ್ತದೆ. ಇಲ್ಲಿ ಯಾವ ಕಂಪ್ಯೂಟರೂ ಬೇಕಿಲ್ಲ, ಬ್ಯಾಟರಿಯೂ ಬೇಕಿಲ್ಲ. ನನಗೆ ಇಂಥ ಮೊದ್ದು ಉಪಾಯಗಳ ಮೇಲೆ ನಂಬಿಕೆ ಜಾಸ್ತಿ.

ಚಿಕ್ಕ ಟಾರ್ಕ್, ಉದ್ದ ಕಾಲ ಅಂದೆನಲ್ಲ, ಅದಕ್ಕೆ ಆಕಾಶದಿಂದ ಒಂದು ಕಥೆ. ಬಿಸಿಲು ತಾಗಿದ ವಸ್ತುವನ್ನು ಬೆಳಕು ತಳ್ಳುತ್ತದೆ. ಭೂಮಿಯ ದೂರದಲ್ಲಿ ಒಂದು ಚದರ ಮೀಟರಿಗೆ ಸುಮಾರು 4.5 ಮೈಕ್ರೋನ್ಯೂಟನ್. ಲೆಕ್ಕಕ್ಕೆ ಅಂತ 10 ಚದರ ಮೀಟರಿನ ಸೌರಫಲಕ ಉಪಗ್ರಹದ ಒಂದೇ ಬದಿಯಲ್ಲಿ, ನಡುವಿನಿಂದ 4 ಮೀಟರ್ ದೂರದಲ್ಲಿ ಇದೆ ಅನ್ನಿ. ಅದರ ಮೇಲಿನ ಬಲ ಐದು ಮಿಲಿಗ್ರಾಂ ತೂಕಕ್ಕಿಂತ ಕಡಿಮೆ. ಆದರೆ ಬಿಸಿಲಿಗೆ ಅಲ್ಲಿ ಬಿಡುವಿಲ್ಲ. ಒಂದು ದಿನಕ್ಕೆ 86,400 ಸೆಕೆಂಡ್. ಗುಣಿಸಿದರೆ ಸುಮಾರು 15 ಯೂನಿಟ್ಟು, ಅಂದರೆ ನಾನು ಮೊದಲು ಈ ಚಕ್ರಕ್ಕೆ ಅಂಗೈಯಿಂದ ಕೊಟ್ಟದ್ದರ ಹದಿನಾರು ಹದಿನೇಳು ಪಟ್ಟು, ಅದೂ ಪ್ರತಿ ದಿನ.

ನಮ್ಮ ಇನ್ಸಾಟ್ ಉಪಗ್ರಹಗಳ ಮೊದಲ ಸಾಲಿನಲ್ಲಿ ಇದೇ ತೊಂದರೆ ಇತ್ತು. ಹವಾಮಾನದ ಕ್ಯಾಮೆರಾವನ್ನು ತಂಪಾಗಿ ಇಡಲು ಒಂದು ಬದಿ ಕತ್ತಲ ಆಕಾಶಕ್ಕೆ ಖಾಲಿ ಬಿಡಬೇಕಿತ್ತು, ಹಾಗಾಗಿ ಸೌರಫಲಕ ಒಂದೇ ಬದಿಗೆ. ಸರಿದೂಗಿಸಲು ಇನ್ನೊಂದು ಬದಿಯಲ್ಲಿ ಉದ್ದದ ಕೋಲಿನ ತುದಿಗೆ ಒಂದು ಪಟ, ಸೋಲಾರ್ ಸೇಲ್. ಬಿಸಿಲು ಅದನ್ನೂ ತಳ್ಳಲಿ, ಟಾರ್ಕ್ ಸಮ ಆಗಲಿ ಅಂತ. 1982ರ ಏಪ್ರಿಲ್‌ನಲ್ಲಿ ಹಾರಿದ ಇನ್ಸಾಟ್ 1ಎ ಉಪಗ್ರಹದ ಪಟ ಬಿಚ್ಚಿಕೊಳ್ಳಲೇ ಇಲ್ಲ. ಸರಿದೂಗದೆ ಉಳಿದ ಟಾರ್ಕನ್ನು ಇಂಧನ ಸುಟ್ಟು ಎದುರಿಸಬೇಕಾಗುತ್ತದೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಇಂಧನ ಖಾಲಿಯಾಗಿ ಉಪಗ್ರಹವನ್ನು ಕೈಬಿಡಬೇಕಾಯಿತು. ಅದಕ್ಕೆ ಬೇರೆ ತೊಂದರೆಗಳೂ ಇದ್ದವು, ಎಲ್ಲವನ್ನೂ ಪಟದ ಮೇಲೆ ಹೊರಿಸುವುದು ಸರಿಯಲ್ಲ. ಈಗಿನ ಉಪಗ್ರಹಗಳು ಒಳಗೆ ಗಾಲಿಗಳನ್ನು ಇಟ್ಟುಕೊಂಡು ಬಿಸಿಲು ಕೊಟ್ಟ ಆವೇಗವನ್ನು ಅವುಗಳಿಗೆ ಸೇರಿಸುತ್ತಾ ಹೋಗುತ್ತವೆ. ಗಾಲಿಯ ವೇಗ ಮಿತಿ ಮುಟ್ಟಿದಾಗ ಚಿಕ್ಕ ರಾಕೆಟ್ ಉರಿಸಿ ಖಾಲಿ ಮಾಡುತ್ತಾರೆ. ಹಾಸನದ ಮಾಸ್ಟರ್ ಕಂಟ್ರೋಲ್ ಕೇಂದ್ರದಲ್ಲಿ ಕೂತವರಿಗೆ ಇಂಥದ್ದು ಮಾಮೂಲಿ ಕೆಲಸ.

ಇನ್ನು ನಮ್ಮ ಸಮುದ್ರ. ಹುಣ್ಣಿಮೆ ಅಮಾವಾಸ್ಯೆಯ ಹೊತ್ತಿಗೆ ಕಾರವಾರದಲ್ಲಿ ಭರತಿ ಇಳಿತದ ಅಂತರ ಎರಡು ಮೀಟರಿನ ಆಸುಪಾಸು ಇರುತ್ತದೆ. ಕಾಳಿಯ ಅಳಿವೆಯಲ್ಲಿ ದೋಣಿ ಹಾಕುವವರಿಗೆ ಇದರ ಲೆಕ್ಕ ನನಗಿಂತ ಚೆನ್ನಾಗಿ ಗೊತ್ತು. ಚಂದ್ರ ನೀರನ್ನು ಉಬ್ಬಿಸುತ್ತಾನೆ, ಆದರೆ ಭೂಮಿ ಅವನಿಗಿಂತ ಬೇಗ ತಿರುಗುವುದರಿಂದ ಉಬ್ಬು ಒಟ್ಟಾರೆಯಾಗಿ ಚಂದ್ರನಿಗಿಂತ ಸ್ವಲ್ಪ ಮುಂದೆ ಎಳೆದುಕೊಂಡು ಹೋಗುತ್ತದೆ. ಮುಂದೆ ಹೋದ ಉಬ್ಬನ್ನು ಚಂದ್ರ ಹಿಂದಕ್ಕೆ ಎಳೆಯುತ್ತಾನೆ. ಅದೇ ಟಾರ್ಕ್. ಎಷ್ಟು? 4ರ ಮುಂದೆ 16 ಸೊನ್ನೆ ಹಾಕಿದರೆ ಬರುವ ಸಂಖ್ಯೆಯ ಸುತ್ತಮುತ್ತ, ನ್ಯೂಟನ್ ಮೀಟರಿನಲ್ಲಿ. ಕೈಗಾದ ಒಂದು ಟರ್ಬೈನಿನ ಟಾರ್ಕಿಗೆ ಹೋಲಿಸಿದರೆ ಐದಾರು ಸಾವಿರ ಕೋಟಿ ಪಟ್ಟು.

ಇಷ್ಟು ದೊಡ್ಡ ಟಾರ್ಕ್ ಹಗಲೂ ರಾತ್ರಿ ಎಳೆದು ಏನಾಗಿದೆ? ಭರತಿಯ ಕಾರಣದಿಂದ ದಿನ ಉದ್ದವಾಗುವುದು ನೂರು ವರ್ಷಕ್ಕೆ ಸುಮಾರು 2.3 ಮಿಲಿಸೆಕೆಂಡ್. ಅಷ್ಟೇ. ಭೂಮಿಯ ಕೋನೀಯ ಸಂವೇಗ ಅಷ್ಟು ದೊಡ್ಡದು. ಇದೇ ದರದಲ್ಲಿ ಕಳೆಯುತ್ತಾ ಹೋದರೆ ಖಾಲಿಯಾಗಲು 350 ಕೋಟಿ ವರ್ಷಕ್ಕಿಂತ ಜಾಸ್ತಿ ಬೇಕು. ದರ ಹೀಗೇ ಇರುವುದಿಲ್ಲ, ಇದು ಬರೀ ಭಾಗಾಕಾರ. ಆದರೆ ಹಿಂದೆ ಹೋದರೆ ಕಾಣುತ್ತದೆ. ಹವಳಗಳ ಮೈಮೇಲೆ ದಿನಕ್ಕೊಂದರಂತೆ ಸಣ್ಣ ಗೆರೆ, ವರ್ಷಕ್ಕೊಂದು ದೊಡ್ಡ ಪಟ್ಟೆ ಮೂಡುತ್ತದೆ. 1963ರಲ್ಲಿ ಜಾನ್ ವೆಲ್ಸ್ ಅನ್ನುವ ವಿಜ್ಞಾನಿ ಡೆವೋನಿಯನ್ ಕಾಲದ, ಅಂದರೆ ನಲವತ್ತು ಕೋಟಿ ವರ್ಷದಷ್ಟು ಹಳೆಯ ಹವಳಗಳಲ್ಲಿ ಆ ಗೆರೆ ಎಣಿಸಿದರು. ವರ್ಷಕ್ಕೆ ಸುಮಾರು 400 ಬಂತು. ವರ್ಷದ ಉದ್ದ ಹೆಚ್ಚು ಕಡಿಮೆ ಇಷ್ಟೇ ಇತ್ತು, ದಿನಗಳು ಚಿಕ್ಕದಾಗಿದ್ದವು, ದಿನಕ್ಕೆ ಸುಮಾರು 22 ಗಂಟೆ.

ಭೂಮಿ ಕಳೆದುಕೊಂಡದ್ದು ಎಲ್ಲಿಗೆ ಹೋಯಿತು? ಚಂದ್ರ ಉಬ್ಬನ್ನು ಹಿಂದಕ್ಕೆ ಎಳೆದರೆ ಉಬ್ಬು ಚಂದ್ರನನ್ನು ಮುಂದಕ್ಕೆ ಎಳೆಯುತ್ತದೆ. ಅಷ್ಟೇ ಹೊತ್ತು, ಅಷ್ಟೇ ಟಾರ್ಕ್, ದಿಕ್ಕು ಮಾತ್ರ ಎದುರು. ಚಂದ್ರನ ಕಕ್ಷೆಯ ಕೋನೀಯ ಸಂವೇಗ ಬೆಳೆದು ಅವನು ದೂರ ಸರಿಯುತ್ತಾನೆ, ವರ್ಷಕ್ಕೆ 3.8 ಸೆಂಟಿಮೀಟರ್. 1969ರಲ್ಲಿ ಅಪೋಲೋ 11ರವರು ಅಲ್ಲಿ ಇಟ್ಟು ಬಂದ ಪ್ರತಿಫಲಕಕ್ಕೆ ಇಲ್ಲಿಂದ ಲೇಸರ್ ಬಿಟ್ಟು, ವಾಪಸ್ ಬರುವ ಹೊತ್ತು ಅಳೆದು ಇದನ್ನು ನೋಡಿದ್ದಾರೆ.

ಕೊನೆಗೆ ಪ್ರಶ್ನೆಗಳಿಗೆ ಸಮಯ ಇತ್ತು. ಒಬ್ಬ ಹುಡುಗಿ ಕೇಳಿದ್ದು ನನಗೆ ಬಹಳ ಹಿಡಿಸಿತು. ‘ಹೈವೇಯಲ್ಲಿ ಲಾರಿಗಳೆಲ್ಲ ಒಂದೇ ದಿಕ್ಕಿಗೆ ಹೊರಟರೆ ಭೂಮಿಯ ವೇಗ ಬದಲಾಗುತ್ತದಾ?’

ಬದಲಾಗುತ್ತದೆ, ಹೊರಟಾಗ. ಪೂರ್ವಕ್ಕೆ ಹೊರಟ ಲಾರಿ ಚಕ್ರದಿಂದ ರಸ್ತೆಯನ್ನು ಪಶ್ಚಿಮಕ್ಕೆ ತಳ್ಳುತ್ತದೆ, ಭೂಮಿಗೆ ಅಳೆಯಲಾಗದಷ್ಟು ಚಿಕ್ಕ ಕೋನೀಯ ಆವೇಗ ಹಿಂದಕ್ಕೆ ಸಿಗುತ್ತದೆ. ಹುಬ್ಬಳ್ಳಿಯಲ್ಲಿ ಬ್ರೇಕ್ ಹಾಕಿದಾಗ ತೆಗೆದುಕೊಂಡದ್ದನ್ನು ವಾಪಸ್ ಕೊಡುತ್ತದೆ. ನಿವ್ವಳ ಏನೂ ಇಲ್ಲ. ಆದರೆ ಲಾರಿಯ ಜಾಗದಲ್ಲಿ ಗಾಳಿ ಇಟ್ಟರೆ ಉತ್ತರ ಅಳತೆಗೆ ಸಿಗುವಷ್ಟು ದೊಡ್ಡದಾಗುತ್ತದೆ. ಮುಂಗಾರಿನಲ್ಲಿ ಪಶ್ಚಿಮದಿಂದ ಬಂದ ಗಾಳಿ ಅರಬ್ಬಿ ಸಮುದ್ರದ ಮೈ ಉಜ್ಜಿಕೊಂಡು ಬಂದು ನಮ್ಮ ಘಟ್ಟಕ್ಕೆ ಒತ್ತುತ್ತದೆ. ಭೂಮಿ ತಿರುಗುವುದೂ ಪೂರ್ವಕ್ಕೇ, ಹಾಗಾಗಿ ಈ ಒತ್ತು ಅದನ್ನು ಮುಂದಕ್ಕೆ ನೂಕುತ್ತದೆ. ಬೇರೆ ಕಡೆ ಪೂರ್ವದಿಂದ ಬೀಸುವ ಗಾಳಿಗಳು ಹಿಂದಕ್ಕೆ ನೂಕುತ್ತಿರುತ್ತವೆ. ಇಡೀ ಭೂಮಿಯ ಗಾಳಿಯನ್ನು ಕೂಡಿ ಕಳೆದರೆ ವರ್ಷದ ಒಳಗೆ ದಿನದ ಉದ್ದ ಒಂದು ಮಿಲಿಸೆಕೆಂಡಿನಷ್ಟು ಏರಿಳಿಯುತ್ತದೆ, ಜುಲೈ ಆಗಸ್ಟ್ ಹೊತ್ತಿಗೆ ಭೂಮಿ ಒಂದು ಸುತ್ತನ್ನು ತುಸು ಬೇಗ ಮುಗಿಸುತ್ತದೆ. ರೇಡಿಯೋ ದೂರದರ್ಶಕಗಳಿಂದ ದೂರದ ಕ್ವೇಸಾರ್‌ಗಳನ್ನು, ಅಂದರೆ ಬಹಳ ಪ್ರಕಾಶದ ಗೆಲಾಕ್ಸಿ ನಡುಗಳನ್ನು, ನೋಡಿ ಭೂಮಿಯ ಸುತ್ತನ್ನು ಅಳೆಯುತ್ತಾರೆ. ಗಾಳಿಯ ಕೋನೀಯ ಸಂವೇಗವನ್ನು ಹವಾಮಾನದ ಅಂಕಿಗಳಿಂದ ಬೇರೆಯಾಗಿ ಲೆಕ್ಕ ಹಾಕುತ್ತಾರೆ. ದಿನದ ಉದ್ದದ ಗ್ರಾಫನ್ನೂ ಗಾಳಿಯ ಕೋನೀಯ ಸಂವೇಗದ ಗ್ರಾಫನ್ನೂ ಒಂದರ ಮೇಲೊಂದು ಇಟ್ಟು ತೋರಿಸಿದೆ. ತಿಂಗಳು ತಿಂಗಳಿಗೆ ಅವು ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ.